ದಾಸಯ್ಯನ ಉಸಿರು ಅಳೆದ ಬೇಸಿಗೆ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಔಷಧಿ ಚೀಟಿಯ ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಆಟಿಕೆಯಂಥದ್ದನ್ನೂ ಕೊಟ್ಟರು. ಪಕ್ಕಪಕ್ಕದಲ್ಲಿ ಮೂರು ಗೂಡು, ಒಂದೊಂದರಲ್ಲಿ ಒಂದೊಂದು ಬಣ್ಣದ ಚೆಂಡು, ಪಕ್ಕದಲ್ಲೊಂದು ಕೊಳವೆ. ಕೊಳವೆಯನ್ನು ಬಾಯಿಗಿಟ್ಟುಕೊಂಡು ಉಸಿರು ಎಳೆದರೆ ಚೆಂಡುಗಳು ಮೇಲೇಳಬೇಕು. “ಗೇಮ್ ಅಂದ್ಕೊಳ್ಳಿ ಆಂಟಿ, ದಿನಾ ನಾಲ್ಕು ಸಲ,” ಅಂದಳು ಎದೆಯ ಡಾಕ್ಟರು. ಚಿಕ್ಕ ಹುಡುಗಿ. ತೊಂಬತ್ತು ದಾಟಿದವಳನ್ನು ಆಂಟಿ ಅನ್ನುವುದು ಈಗಿನ ಮ್ಯಾನರ್ಸ್ ಇರಬೇಕು. ನ್ಯುಮೋನಿಯಾದಲ್ಲಿ ನನ್ನ ಬಲಗಡೆಯ ಲಂಗ್ ಅರ್ಧ ಬೆಳ್ಳಗಾಗಿ ಹೋಗಿತ್ತಂತೆ. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದಳು. ನನಗೆ ಅದು ಬೆಳಗಿನ ಮಂಜು ಇನ್ನೂ ಏಳದ ಗದ್ದೆಬಯಲಿನ ಹಾಗೆ ಕಂಡಿತು.

ಮನೆಗೆ ಬಂದು, ಮಂಚದ ಮೇಲೆ ಕೂತು ಎಳೆದೆ. ಒಂದು ಚೆಂಡು ಎದ್ದಿತು. ಎರಡನೆಯದು ಸ್ವಲ್ಪ ಅಲುಗಾಡಿ, ಏನೋ ಯೋಚನೆ ಮಾಡಿ, ಮತ್ತೆ ಕೂತುಕೊಂಡಿತು. ಆ ಅಲುಗಾಟ ನೋಡುತ್ತಿದ್ದ ಹಾಗೆಯೇ ಕಣ್ಣ ಮುಂದೆ ಬೂರುಗದ ಹತ್ತಿಯ ಒಂದು ಉಂಡೆ ಬಂತು... ಅದರ ಹಿಂದೆ ನಮ್ಮ ಮನೆಯ ಕಲ್ಲಿನ ಜಗಲಿ, ಅದರ ಮೇಲೆ ಬಗ್ಗಿಕೊಂಡು ಕೆನ್ನೆ ಉಬ್ಬಿಸಿದ ಒಂದು ಮುಖ.

ಅವನು ನಮ್ಮೂರ ದಾಸಯ್ಯ. ಈಗ ಬರೆಯುವಾಗ ‘ಅವರು’ ಅನ್ನಬೇಕೋ ಏನೋ. ಆಗ ಊರೆಲ್ಲ ‘ಅವನು’ ಅನ್ನುತ್ತಿತ್ತು, ಹತ್ತು ವರ್ಷದ ನಾನೂ ಅನ್ನುತ್ತಿದ್ದೆ. ನನ್ನ ನಾಲಿಗೆ ಇನ್ನು ತಿರುಗುವುದಿಲ್ಲ.

ನಮ್ಮದು ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ಯುದ್ಧದ ವರ್ಷಗಳು. ಸೀಮೆಎಣ್ಣೆಗೆ ರೇಷನ್, ಸಕ್ಕರೆಗೆ ರೇಷನ್. ನಮ್ಮ ತಂದೆಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಹುಚ್ಚು. ಹಾಗಾಗಿ ನಾನು ಮೈಸೂರಿನ ಒಂದು ಕಾನ್ವೆಂಟಿನಲ್ಲಿ ಬೋರ್ಡರ್. ರಜೆಗೆ ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಊರು. ಊರಿನ ಎಲ್ಲೆ ದಾಟಿದ ತಕ್ಷಣ ನನ್ನ ಕಿವಿ ದಾಸಯ್ಯನ ಶಂಖವನ್ನು ಹುಡುಕುತ್ತಿತ್ತು.

ದಾಸಯ್ಯ ಇಲ್ಲದೆ ನಮ್ಮ ಕಡೆ ಯಾವುದೂ ನಡೆಯುತ್ತಿರಲಿಲ್ಲ. ಶ್ರಾವಣ ಶನಿವಾರಗಳಲ್ಲಿ ನಾಮ ಬಳಿದುಕೊಂಡು, ಶಂಖ, ಜಾಗಟೆ ಹಿಡಿದು ಮನೆಮನೆಯ ಮುಂದೆ ನಿಂತು ಊದಿ ಪಡಿ ಇಸಿದುಕೊಳ್ಳುವವನು ಅವನೇ. ಯಾರಾದರೂ ತೀರಿಕೊಂಡರೆ ಮನೆಬಾಗಿಲಿನಿಂದ ಮಣ್ಣು ಮಾಡುವ ಜಾಗದವರೆಗೆ ಮುಂದೆ ಮುಂದೆ ಊದಿಕೊಂಡು ಹೋಗುವವನೂ ಅವನೇ. ಮೂರು ಕಡೆ ಊದಬೇಕು: ಬಾಗಿಲಲ್ಲಿ, ದಾರಿ ತಿರುಗುವಲ್ಲಿ, ಗುಂಡಿಯ ಹತ್ತಿರ. ಒಂದೊಂದು ಕಡೆಯೂ ಒಂದೇ ಉಸಿರು, ನಡುವೆ ತುಂಡಾಗಬಾರದು. ಇಂತಿಂಥ ಮನೆಗಳು ಇಂತಿಂಥ ದಾಸಯ್ಯನಿಗೆ ಎಂದು ಅಪ್ಪ, ಅಜ್ಜಂದಿರ ಕಾಲದಿಂದ ಹಂಚಿಕೆಯಾಗಿತ್ತು. ಊದಲಾರದವನ ಮನೆಗಳು ಊದಬಲ್ಲವನಿಗೆ ಹೋಗುತ್ತಿದ್ದವು. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಸಾವಿಗೂ ಊದುವ ಶಂಖ ಹೊಸ್ತಿಲು ದಾಟಬಾರದು. ಶಂಖ ಅವನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ, ಹೀಗಾಗಿ ದಾಸಯ್ಯ ಜಗಲಿ ದಾಟಿ ಒಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಆಲೆಮನೆಗೆ ಬೆಂಕಿ ಬಿತ್ತು. ಬೆಲ್ಲ ಕಾಯಿಸುವ ಒಲೆಯ ಕಿಡಿ ಒಣಗಿದ ಕಬ್ಬಿನ ಸಿಪ್ಪೆಯ ಮೆದೆಗೆ ತಗುಲಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸೋಗೆಯ ಮಾಡು ಹೊತ್ತಿಕೊಂಡಿತು. ಗಾಣದ ಎತ್ತುಗಳನ್ನು ಮಧ್ಯಾಹ್ನದ ಹೊತ್ತಿಗೆ ಒಳಗಡೆಯೇ ಕಟ್ಟಿದ್ದರು. ಬಿಸಿ ಬೆಲ್ಲದ ಒಂದು ಉಂಡೆ ಇಸಿದುಕೊಳ್ಳಲು ಬಂದು ಕೂತಿದ್ದ ದಾಸಯ್ಯ, ಯಾರು ಏನು ಅನ್ನುವ ಮೊದಲೇ ಒಳಗೆ ನುಗ್ಗಿ ಒಂದು ಎತ್ತಿನ ಹಗ್ಗ ಬಿಚ್ಚಿ ಓಡಿಸಿದ. ಇನ್ನೊಂದಕ್ಕೆಂದು ಮತ್ತೆ ಹೋದ. ಎರಡನೇ ಸಲ ಹೋದವನು ಬಹಳ ಹೊತ್ತು ಬರಲಿಲ್ಲ... ಕೊನೆಗೆ ಎತ್ತು ಮೊದಲು ಬಂತು, ಅದರ ಬಾಲ ಹಿಡಿದುಕೊಂಡು ಅವನು ಬಂದ. ಮೈಮೇಲೆ ಒಂದು ಬೊಬ್ಬೆ ಇಲ್ಲ. ಎಲ್ಲರೂ ದೇವರು ದೊಡ್ಡವನು ಅಂದರು. ಸಂಜೆಗೆ ಅವನು ಕೆಮ್ಮಿದರೆ ಮಸಿಯಂಥ ಕಫ ಬಿತ್ತು. ಮಾತಾಡಿದರೆ ಬರೀ ಗಾಳಿ.

ಆ ಎತ್ತುಗಳೆಂದರೆ ನಮ್ಮ ತಾತನಿಗೆ ಪ್ರಾಣ. ತಾತನೇ ನಮ್ಮ ತಂದೆಯನ್ನು ಕರೆದು, ದಾಸಯ್ಯನನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗೆಂದರು. ಅಲ್ಲಿನ ಡಾಕ್ಟರು ನೋಡಿ ಹೇಳಿದ್ದಿಷ್ಟು: ಬೆಂದಿರುವುದು ಒಳಗೆ, ಚರ್ಮವಾದರೆ ಕಾಣುತ್ತದೆ, ಮುಲಾಮು ಹಚ್ಚಬಹುದು, ಇದಕ್ಕೆ ಕಾಯುವುದೊಂದೇ ಮದ್ದು, ಒಂದು ವರ್ಷ ಶಂಖ ಮುಟ್ಟಬಾರದು. ಒಂದು ವರ್ಷವಾದ ಮೇಲೆ ಸರಿಹೋಗುತ್ತದೆಯೇ ಎಂದು ತಂದೆ ಕೇಳಿದ್ದಕ್ಕೆ ಡಾಕ್ಟರು ಕೈ ಮೇಲೆತ್ತಿದರಂತೆ. ಆ ಕೈ ದೇವರ ಕಡೆಗೋ, ಸುಮ್ಮನೆ ಗೊತ್ತಿಲ್ಲ ಅಂತಲೋ, ತಂದೆಗೂ ತಿಳಿಯಲಿಲ್ಲ.

ರಜೆ ಮುಗಿಸಿ ಹೋದವಳು ಹೈಜೀನ್ ಕ್ಲಾಸಿನಲ್ಲಿ ಸಿಸ್ಟರನ್ನು ಕೇಳಿದೆ, ಸುಟ್ಟುಹೋದ ಲಂಗ್ಸ್ ಮತ್ತೆ ಬೆಳೆಯುತ್ತವೆಯೇ ಎಂದು. ಗೋಡೆಯ ಚಾರ್ಟಿನಲ್ಲಿ ಅವು ಎರಡು ಗುಲಾಬಿ ಸ್ಪಂಜಿನ ಹಾಗೆ ನೇತಾಡುತ್ತಿದ್ದವು. ಸಿಸ್ಟರ್ ಚಾರ್ಟ್ ನೋಡಿದರು, ನನ್ನನ್ನು ನೋಡಿದರು. “ವಿ ಮಸ್ಟ್ ಪ್ರೇ, ಚೈಲ್ಡ್,” ಅಂದರು. ಇದು ಬೆಳೆಯುತ್ತದೆ ಅಂತಲೋ ಇಲ್ಲ ಅಂತಲೋ?

ಬೇಸಿಗೆ ರಜೆಗೆ ಬಂದಾಗ ಊರ ಎಲ್ಲೆಯಲ್ಲಿ ಶಂಖ ಕೇಳಿಸಲಿಲ್ಲ. ದಾಸಯ್ಯ ನಮ್ಮ ಜಗಲಿಯಲ್ಲಿ ಕೂತಿದ್ದ. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಶಂಖ ಮಾತ್ರ ಹೆಗಲಲ್ಲೇ ಇತ್ತು. ಒಳಗೆ, ಬಾಗಿಲಿಗೆ ಹತ್ತಿರವಾಗಿ ಹಾಕಿದ ಮಂಚದಲ್ಲಿ ತಾತ ಮಲಗಿದ್ದರು. ಕಾಲು ಊದಿಕೊಂಡಿತ್ತು, ಹಾರ್ಟು ಸರಿಯಿರಲಿಲ್ಲ. ಒಬ್ಬರು ಹೊಸ್ತಿಲ ಆಚೆ, ಒಬ್ಬರು ಈಚೆ, ದಿನವೆಲ್ಲ ಇಬ್ಬರದೂ ಇದೇ ಮಾತು.

“ಇನ್ನೆಷ್ಟು ದಿನಾ ಲಾ ದಾಸಯ್ಯ? ನೀನು ಊದೋಗಂಟ ನಾನು ಸಾಯಂಗಿಲ್ಲ, ನಾನು ಸಾಯೋಗಂಟ ಇವ್ರು ನಂಗೆ ಉಪ್ಪು ಆಕಂಗಿಲ್ಲ. ಸಪ್ಪೆ ಗಂಜಿ ಕುಡ್ದು ಕುಡ್ದು ಸಾಕಾಗೋಯ್ತು.”

“ವಸಿ ತಡೀರಿ ಗೌಡ್ರೇ. ಅರ್ಜೆಂಟ್ ಮಾಡ್ಬ್ಯಾಡಿ.”

“ಆ ಮಳವಳ್ಳಿ ಕಡೆಯವ್ನ ಕರ್ಸ್‌ಬುಟ್ಟೀರಿ ಮತ್ತೆ! ಅವ್ನು ಊದುದ್ರೆ ಕತ್ತೆ ಅರಚ್ದಂಗಾಯ್ತದೆ. ಅದ ಕೇಳಿ ನಾನು ಎದ್ದು ಕೂತ್ಕಬುಟ್ರೆ?”

ನಗಬೇಕೋ ಅಳಬೇಕೋ ತಿಳಿಯದೆ ಅಜ್ಜಿ ಒಳಗೆ ಹೋಗಿಬಿಡುತ್ತಿದ್ದರು. ಆದರೆ ಮಾತು ನಿಜವಾಗಿತ್ತು. ದಾಸಯ್ಯ ಕೂತಮೇಲೆ ಊರಲ್ಲಿ ಆದ ಎರಡು ಸಾವಿಗೆ ಮಳವಳ್ಳಿ ಕಡೆಯ ಇನ್ನೊಬ್ಬ ದಾಸಯ್ಯ ಬಂದು ಊದಿ ಹೋಗಿದ್ದ. ಈ ಶ್ರಾವಣಕ್ಕೂ ನಮ್ಮವನು ಏಳದಿದ್ದರೆ ಮನೆಗಳನ್ನು ಅವನಿಗೇ ಬಿಟ್ಟುಕೊಡುವುದೆಂದು ಊರ ಹಿರಿಯರು ಮಾತಾಡಿಕೊಂಡಿದ್ದರು.

ಅಳೆಯುವ ಬುದ್ಧಿ ಕೊಟ್ಟವಳು ನಾನು. ಕಾನ್ವೆಂಟಿನಲ್ಲಿ ನಾವು ಬೆಂಚಿನ ಮೇಲೆ ಕಾಗದದ ಉಂಡೆ ಊದಿ, ಯಾರ ಲಂಗ್ಸ್ ಸ್ಟ್ರಾಂಗು ಎಂದು ಪಂದ್ಯ ಆಡುತ್ತಿದ್ದೆವು. ಹಿತ್ತಿಲಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರಾಡುತ್ತಿತ್ತು. ಒಂದು ಉಂಡೆ ಮಾಡಿ, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಇಟ್ಟು, “ಊದು ದಾಸಯ್ಯ,” ಅಂದೆ. ಅವನು ಬಗ್ಗಿ ಊದಿದ. ನನ್ನ ಫುಟ್ ರೂಲರ್ ಇಟ್ಟು ಅಳೆದೆ.

“ಹನ್ನೊಂದು ಇಂಚು.”

“ಇಂಚು ನಂಗೆ ಗೊತ್ತಾಗಕಿಲ್ಲ ಕಣವ್ವ. ಗೇಣಲ್ಲಿ ಯೋಳು.”

“ಒಂದು ಗೇಣು. ಮೇಲೆ ಎರಡು ಬೆರಳು.”

“ಗೇಣುದ್ದ ಉಸ್ರಲ್ಲಿ ಸಂಕ ಊದಕ್ಕಾದದಾ?” ಎಂದು ನಕ್ಕ. ನಕ್ಕದ್ದಕ್ಕೆ ಕೆಮ್ಮಿದ. ಆಮೇಲೆ ಹತ್ತಿಯನ್ನು ಎತ್ತಿ ಮತ್ತೆ ಗೆರೆಯ ಮೇಲಿಟ್ಟು, “ಎರಡು ಮೊಳ ಓಗ್ಲಿ. ಎರಡು ಮೊಳ ಓದ ದಿನ ಡಾಕುಟ್ರು ಏನಾರ ಅನ್ಲಿ, ನಾನು ಸಂಕ ಮುಟ್ತೀನಿ. ಅಲ್ಲೀಗಂಟ ಮುಟ್ಟಕಿಲ್ಲ. ನೀನೇ ಸಾಕ್ಸಿ,” ಅಂದ.

ಎರಡು ಮೊಳ ಎಂದರೆ ಮೂವತ್ತಾರು ಇಂಚು. ನಾನು ಎಕ್ಸರ್‌ಸೈಸ್ ಬುಕ್ಕಿನಲ್ಲಿ ಎರಡು ಕಾಲಮ್ ಹಾಕಿ ದಿನಾ ಬರೆದಿಟ್ಟೆ. ಹನ್ನೊಂದು, ಹದಿನಾಲ್ಕು, ಹದಿನಾಲ್ಕು. ಆಮೇಲೆ ಒಂಬತ್ತು! ಆಮೇಲೆ ಹದಿನೇಳು. ವಾಸಿಯಾಗುವುದೆಂದರೆ ಮೆಟ್ಟಿಲು ಹತ್ತಿದ ಹಾಗೆ ಎಂದುಕೊಂಡಿದ್ದ ನನಗೆ ಈ ಲೆಕ್ಕ ತಲೆಬುಡ ತಿಳಿಯಲಿಲ್ಲ. ಅಜ್ಜಿಯನ್ನು ಕೇಳಿದರೆ, “ಮರಕ್ಕೆ ಮಚ್ಚಿನೇಟು ಬಿದ್ರೆ ತೊಗಟೆ ಕೂಡ್ಕೊಳಲ್ವಾ? ಅಂಗೇ ಕೂಡ್ಕತದೆ. ಆಡುಸೋಗೆ ಕಷಾಯ ಬಿಡದಂಗೆ ಕುಡೀಲಿ,” ಅಂದರು. ನಾನು ಹೋಗಿ ಹಿತ್ತಿಲಿನ ಹಲಸಿನ ಮರ ನೋಡಿದೆ. ಹಳೇ ಏಟಿನ ಜಾಗದಲ್ಲಿ ತೊಗಟೆ ಕೂಡಿಕೊಂಡಿತ್ತು ನಿಜ, ಆದರೆ ಗಂಟುಗಂಟಾಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಸಿರು ಆಡುವ ಜಾಗ ಹಾಗೆ ಗಂಟಾದರೆ ಗಾಳಿ ಹೋಗುವುದಾದರೂ ಎಲ್ಲಿಗೆ? ಇದನ್ನು ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.

ದಾಸಯ್ಯನಿಗೆ ಮಾತ್ರ ಅವನದೇ ಒಂದು ವಿವರಣೆ ಇತ್ತು. “ಒಳಗೆ ಯಾರೋ ರಿಪೇರಿ ಮಾಡ್ತಾವ್ರೆ ಕಣವ್ವ. ರಾತ್ರಿ ಮಲಗ್ದಾಗ ಗೊತ್ತಾಯ್ತದೆ, ಚುರುಚುರು ಅಂತದೆ. ಒಂದೊಂದು ದಿನ ಆ ನನ್ಮಕ್ಳು ರಜಾ ಆಕ್‌ಬುಡ್ತಾರೆ, ಅವತ್ತು ಅತ್ತಿ ಓಗಾಕಿಲ್ಲ.”

ಅತ್ತ ಹೋಗುವವರು ಇತ್ತ ಬರುವವರಿಗೆಲ್ಲ ನಾವೊಂದು ತಮಾಷೆಯಾಗಿದ್ದೆವು. “ಏನ್ ದಾಸಯ್ಯ, ಇವತ್ತು ಅತ್ತಿ ಮದ್ದೂರಿಗೆ ಓಯ್ತಾ?” “ಇಲ್ಲ ಕಣಪ್ಪಾ, ನಿಡಘಟ್ಟದ ಬಸ್ಸು ತಪ್ಪೋಯ್ತು.” ಹೀಗೆ. ಮೇ ತಿಂಗಳ ನಡುವಿನ ಹೊತ್ತಿಗೆ ಇಪ್ಪತ್ತಾರು ಮುಟ್ಟಿತ್ತು. ಅದೇ ಅತಿ ಹೆಚ್ಚು. ಆಮೇಲೆ ಎದುರುಮನೆಯ ಮುದುಕಿ ತೀರಿಕೊಂಡಳು, ಮಳವಳ್ಳಿ ಕಡೆಯವನು ಬಂದು ನಮ್ಮ ಬಾಗಿಲ ಎದುರಿಗೇ ನಿಂತು ಊದಿದ. ಜಗಲಿಯಲ್ಲಿ ಕೂತಿದ್ದ ನಮ್ಮ ದಾಸಯ್ಯನ ಕೆನ್ನೆಗಳು ತನಗೆ ತಿಳಿಯದೆಯೇ ಉಬ್ಬಿಕೊಂಡಿದ್ದವು. ನಾನು ನೋಡಿಬಿಟ್ಟೆ. ಅವನೂ ನಾನು ನೋಡಿದ್ದನ್ನು ನೋಡಿ ಮುಖ ತಿರುಗಿಸಿದ. ಮಾರನೆಯ ದಿನ ಹತ್ತಿ ಎಂಟು ಇಂಚು ಹೋಯಿತು. ಅದರ ಮಾರನೆಯ ದಿನ ಏಳು. “ಇನ್ನು ಅಳೀಬ್ಯಾಡ ಬುಡವ್ವ,” ಅಂದ.

ಆಮೇಲೆ ನಾನು ಮಾಡಿದ್ದನ್ನು ಈಗ ನೇರವಾಗಿ ಬರೆದುಬಿಡುತ್ತೇನೆ.

ನಮ್ಮ ಜಗಲಿ ಕಲ್ಲುಚಪ್ಪಡಿಯದು, ಉಳಿಯ ಗುರುತು ಮಾಸದ ತರಿತರಿ ಕಲ್ಲು. ನಡುಮನೆಯದು ಗಾರೆ ನೆಲ. ಅಜ್ಜಿ, ಅಜ್ಜಿಯ ಅತ್ತೆ ಎಲ್ಲ ಸೇರಿ ಎಷ್ಟೋ ವರ್ಷ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿತ್ತು. ಅದರ ಮೇಲೆ ಹತ್ತಿ ಹೇಗೆ ಜಾರುತ್ತದೆಂದು ನಾನು ಯಾರೂ ಇಲ್ಲದಾಗ ಊದಿ ನೋಡಿದ್ದೆ. ಆ ದಿನ ಅಜ್ಜಿ ಹಿತ್ತಿಲಲ್ಲಿದ್ದರು. “ಹೊರಗೆ ಗಾಳಿ ಬೀಸ್ತಿದೆ ದಾಸಯ್ಯ, ಕರೆಕ್ಟಾಗಿ ಗೊತ್ತಾಗಲ್ಲ. ಒಳಗೆ ಬಾ,” ಅಂದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವನು ಹೆದರಿ ತಾತನ ಕಡೆ ನೋಡಿದ.

“ಬಾ ಲಾ ಒಳೀಕೆ. ಸಂಕ ಅಲ್ಲೇ ಮಡಗ್‌ಬುಟ್ಟು ಬಾ. ನಾನೂ ನೋಡನ ಅದೇನು ಊದೀಯೆ ಅಂತ,” ಅಂದರು ತಾತ.

ಶಂಖವನ್ನು ಜಗಲಿಯ ಮೂಲೆಯಲ್ಲಿಟ್ಟು, ಕಾಲು ಒರೆಸಿಕೊಂಡು, ಬಲಗಾಲು ಮುಂದಿಟ್ಟು ಬಂದ. ಗಾರೆಯ ಮೇಲೆ ಮಂಡಿಯೂರಿ ಊದಿದ. ಹತ್ತಿ ಹೋಗುತ್ತಲೇ ಇತ್ತು... ತಾತನ ಮಂಚದ ಕಾಲಿನ ಹತ್ತಿರ ನಿಂತಿತು. ರೂಲರ್ ಮೂರು ಸಲ ಇಟ್ಟೂ ಮೇಲೆ ಎರಡು ಇಂಚು ಉಳಿಯಿತು.

“ಎರಡು ಮೊಳ,” ಅಂದೆ. “ಮೇಲೆ ಎರಡು ಇಂಚು.”

ಅವನ ಮುಖವನ್ನು ಹೇಗೆ ಹೇಳಲಿ? ಆ ಮುಖ ನೋಡುವುದಕ್ಕಾಗಿಯೇ ನಾನು ಅದನ್ನು ಮಾಡಿದ್ದು. ನೋಡಿದೆ. ತಾತ ತಲೆದಿಂಬಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟು, “ಸರಿ ಕಣ್ಲಾ. ಇನ್ನು ನಂಗೇನೂ ಎದ್ರಿಕೆ ಇಲ್ಲ,” ಅಂದರು.

ನಾಲ್ಕನೆಯ ದಿನ ಬೆಳಿಗ್ಗೆ ತಾತ ತೀರಿಕೊಂಡರು. ನೆಂಟರೆಲ್ಲ ಸೇರಿದರು. ದಾಸಯ್ಯ ನಾಮ ಬಳಿದುಕೊಂಡು, ಬಿಳಿ ಪಂಚೆ ಉಟ್ಟು, ಶಂಖ ಹಿಡಿದು ಬಂದು ಬಾಗಿಲಲ್ಲಿ ನಿಂತ. ನಮ್ಮ ತಂದೆ ಹೊರಗೆ ಹೋಗಿ, “ಬ್ಯಾಡ ದಾಸಯ್ಯ, ಡಾಕ್ಟರು ಒಂದು ವರ್ಷ ಅಂದಿದ್ರಲ್ಲ. ಆ ಮಳವಳ್ಳಿಯವ್ನಿಗೆ ಹೇಳಿಕಳಿಸ್ತೀನಿ,” ಅಂದರು.

“ಕೂಸವ್ವ ಅಳತೆ ಮಾಡೈತೆ ಚಿಕ್ಕಗೌಡ್ರೇ. ಎರಡು ಮೊಳದ ಮ್ಯಾಲೆ ಎರಡಿಂಚು. ಬೇಕಾರೆ ಕೇಳಿ, ಪುಸ್ತಕದಾಗೆ ಬರ್ದೈತೆ.”

ತಂದೆ ನನ್ನ ಕಡೆ ತಿರುಗಿದರು. ಕಾನ್ವೆಂಟಿನಲ್ಲಿ ಓದುವ ಮಗಳು, ರೂಲರ್ ಇಟ್ಟು ಅಳೆದವಳು ಎಂಬ ನಂಬಿಕೆ ಅವರ ಕಣ್ಣಲ್ಲಿತ್ತು. “ಹೌದೇನಮ್ಮ?” ಅಂದರು.

ನಾನು ತಲೆಯಾಡಿಸಿದೆ.

ಹೆಣ್ಣುಮಕ್ಕಳು ಮಣ್ಣಿಗೆ ಹೋಗುವಂತಿರಲಿಲ್ಲ. ಮೊದಲನೆಯದು ಬಾಗಿಲಲ್ಲೇ ಆಯಿತು. ಎದೆ ನಡುಗುವ ಹಾಗೆ, ಹಿಂದೆ ಹೇಗೆ ಊದುತ್ತಿದ್ದನೋ ಹಾಗೆಯೇ, ಉದ್ದಕ್ಕೆ. ನೆರೆದವರು ಅಳು ನಿಲ್ಲಿಸಿ ಕೇಳಿದರು. ಎರಡನೆಯದು ದಾರಿ ತಿರುಗುವ ಕಡೆಯಿಂದ ಕೇಳಿಸಿತು. ಮೂರನೆಯದಕ್ಕೆ ಕಾದೆ. ಬಹಳ ಹೊತ್ತು ಕಾದೆ. ಬಂತು, ಏರಿತು, ಅರ್ಧದಲ್ಲಿ ನಿಂತುಹೋಯಿತು. ಗಾಳಿ ಆ ಕಡೆಗೆ ತಿರುಗಿರಬೇಕು ಅಂದರು ಅಜ್ಜಿ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಊದುತ್ತ ಊದುತ್ತಲೇ ಅವನ ಬಾಯಿಂದ ರಕ್ತ ಬಂದು ಬಿಳಿ ಪಂಚೆಯ ಮೇಲೆಲ್ಲ ಆಯಿತೆಂದು ತಂದೆ ಬಂದು ಹೇಳಿದರು.

ಬೋರ್ಡಿಂಗಿಗೆ ವಾಪಸ್ಸು ಹೋಗುವ ದಿನ ಬೆಳಿಗ್ಗೆ ಅಜ್ಜಿ ಕೊಟ್ಟ ಗಂಜಿಯನ್ನು ತೆಗೆದುಕೊಂಡು ಅವನ ಗುಡಿಸಲಿಗೆ ಹೋದೆ. ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವಂತೆ. ನನಗೆ ತಡೆಯಲಾಗಲಿಲ್ಲ, ಗಂಜಿಯನ್ನು ಕೆಳಗಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ. ಗಾಳಿ ಇರಲಿಲ್ಲ ದಾಸಯ್ಯ, ಗಾರೆ ನೆಲ ನುಣ್ಣಗಿತ್ತು, ಅದಕ್ಕೇ ಹೋಯಿತು, ನನಗೆ ಮೊದಲೇ ಗೊತ್ತಿತ್ತು...

ಅವನು ನಕ್ಕ. ಸದ್ದಿಲ್ಲದೆ, ಬರೀ ಭುಜ ಅಲುಗಿತು.

“ನಂಗೂ ಗೊತ್ತಿತ್ತು ಬುಡವ್ವ. ನಿಮ್ಮ ಜಗಲಿ ಕಲ್ಲಲ್ಲಿ ಕೂತು ಕೂತು ನನ್ನ ತೊಗಲು ಸವೆದೋಗದೆ. ಕಲ್ಲು ಯಾವ್ದು ಗಾರೆ ಯಾವ್ದು ಅಂತ ಗೊತ್ತಾಗಕಿಲ್ವಾ ನಂಗೆ? ಆದ್ರೆ...”

ಅಷ್ಟರಲ್ಲಿ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ನಾನು ಬೆನ್ನು ನೀವುತ್ತ ಕೂತೆ. ಕೆಮ್ಮು ನಿಂತ ಮೇಲೆ ಕಣ್ಣು ಮುಚ್ಚಿದ. ಆ ‘ಆದ್ರೆ’ಯ ಮುಂದಿನ ಮಾತನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊರಗೆ ಗಾಡಿಯವನು ಕೂಗುತ್ತಿದ್ದ.

ಆಷಾಢದಲ್ಲಿ ತಂದೆಯ ಕಾಗದ ಬಂತು. ದಾಸಯ್ಯ ಹೋದ, ಮಳವಳ್ಳಿ ಕಡೆಯವನೇ ಬಂದು ಊದಿದ, ಮೂರೂ ಕಡೆ ಚೆನ್ನಾಗಿಯೇ ಊದಿದ ಎಂದು ಬರೆದಿದ್ದರು. ಶ್ರಾವಣ ಇನ್ನೂ ಹುಟ್ಟಿರಲಿಲ್ಲ.

ಅಂದಿನಿಂದ ನಾನು ಅದೇ ಗಂಟನ್ನು ಬಿಡಿಸುತ್ತಿದ್ದೇನೆ, ಬಿಡಿಸಿದಷ್ಟೂ ಗೋಜಲು. ಗೊತ್ತಿತ್ತು ಅಂದದ್ದು ನಿಜವೇ, ಅಥವಾ ಹತ್ತು ವರ್ಷದ ಕೂಸಿನ ಮೇಲೆ ಭಾರ ಬೀಳಬಾರದೆಂದು ಹೇಳಿದ ಸುಳ್ಳೇ? ಗೊತ್ತಿದ್ದವನ ಮುಖ ಆ ದಿನ ಹಾಗೆ ಅರಳಿತು ಹೇಗೆ? ಒಂದೊಂದು ಸಲ ಅನ್ನಿಸುತ್ತದೆ, ಅರಳಿದ್ದು ಇಂಚುಗಳಿಗಲ್ಲ, ನಲವತ್ತು ವರ್ಷ ಹೊರಗೆ ನಿಂತ ಮನೆಯ ಒಳಗೆ ಕಾಲಿಟ್ಟದ್ದಕ್ಕೆ ಎಂದು. ಇನ್ನೊಂದು ಸಲ, ಅವನು ತಾತನಿಗಾಗಿ ಹೇಗಿದ್ದರೂ ಊದುತ್ತಿದ್ದ, ನನ್ನ ಅಳತೆ ಬರೀ ನೆಪ ಎಂದು. ಈ ಯೋಚನೆಯಿಂದ ಸಮಾಧಾನವಾಗುತ್ತದೆ. ಸಮಾಧಾನ ಆಗುವುದರಿಂದಲೇ ಅದರ ಮೇಲೆ ಅನುಮಾನ.

ಮೊನ್ನೆ ಚೆಕಪ್ಪಿಗೆ ಹೋದಾಗ ಆ ಹುಡುಗಿ ಡಾಕ್ಟರನ್ನು ಕೇಳಿಯೇಬಿಟ್ಟೆ, ಬೆಂದ ಲಂಗ್ಸ್ ಮತ್ತೆ ಬೆಳೆಯುತ್ತವಾ ಎಂದು. ಸಿಸ್ಟರ್ ಹೇಳದೆ ಹೋದದ್ದನ್ನು ಅವಳು ಎರಡೇ ನಿಮಿಷದಲ್ಲಿ ಹೇಳಿದಳು. ಗಾಳಿ ತುಂಬುವ ಸಣ್ಣ ಸಣ್ಣ ಚೀಲಗಳ ಗೋಡೆಯಲ್ಲಿ ಎರಡು ಥರದ ಸೆಲ್‌ಗಳಂತೆ. ತೆಳ್ಳಗೆ ಹರಡಿಕೊಂಡವು ಉಸಿರಿನ ಕೆಲಸ ಮಾಡುತ್ತವೆ, ಏಟು ಬಿದ್ದರೆ ಮೊದಲು ಸಾಯುವುದೂ ಅವೇ. ಮೂಲೆಯಲ್ಲಿ ದುಂಡಗೆ ಕೂತವು ಆಗ ಎದ್ದು, ತಾವೇ ಎರಡಾಗಿ ನಾಲ್ಕಾಗಿ, ಚಪ್ಪಟೆಯಾಗಿ ಹರಡಿಕೊಂಡು ಸತ್ತವುಗಳ ಜಾಗ ತುಂಬುತ್ತವೆ. ಏಟು ಬಹಳ ಆಳವಾಗಿದ್ದರೆ, ಅಥವಾ ಆ ಸೆಲ್‌ಗಳು ಅರ್ಧ ದಾರಿಯಲ್ಲೇ ನಿಂತುಬಿಟ್ಟರೆ, ಅಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. “ಯಾರಿಗೆ ಹೀಗೆ, ಯಾರಿಗೆ ಹಾಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ಆಂಟಿ,” ಅಂದಳು.

ಒಳಗೆ ಯಾರೋ ರಿಪೇರಿ ಮಾಡುತ್ತಿದ್ದರು ಅನ್ನುವುದು ಹಾಗಾದರೆ ನಿಜವೇ.

ಹೊಗೆ ಕುಡಿದು ಐದು ತಿಂಗಳಾದವನು ಜೋರಾಗಿ ಶಂಖ ಊದಿದರೆ? ಎಂದು ಕೇಳಿ, ರಕ್ತ ಬಿದ್ದದ್ದನ್ನೂ ಅವನು ಹೋದದ್ದನ್ನೂ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಊದಿದ್ದರಿಂದಲೇ ಹೋದ ಅಂತ ಹೇಳೋಕಾಗಲ್ಲ, ರಕ್ತ ಬಂತು ಅಂದರೆ ಟೀಬಿಯೂ ಇದ್ದಿರಬಹುದು, ಆಗ ಅದು ಸಾಮಾನ್ಯ, ಕಲೆ ಕಟ್ಟಿಯೂ ಇರಬಹುದು, ಊದದೆ ಸುಮ್ಮನೆ ಕೂತಿದ್ದರೂ ಉಳಿಯುತ್ತಿದ್ದನೋ ಇಲ್ಲವೋ... ನೋಡದೆ ಹೇಗೆ ಹೇಳಲಿ? ಅಂದಳು. ಆಮೇಲೆ ಮೆಲ್ಲಗೆ, “ಯಾರು ಆಂಟಿ? ರಿಲೇಟಿವಾ?” ಎಂದು ಕೇಳಿದಳು.

ಅಲ್ಲ ಅಂದೆ. ಹೊರಗೆ ಬಂದು, ಡ್ರೈವರ್ ಕಾರು ತಿರುಗಿಸಿಕೊಂಡು ಬರುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದೆ. ನಾನು ತಲೆಯಾಡಿಸಿದ್ದು ಸುಳ್ಳೆಂದು ನಮ್ಮ ತಂದೆಗೆ ಕೊನೆಯವರೆಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಹೇಳಿದ್ದರೆ ಕೆನ್ನೆಗೆ ಒಂದು ಬಿಟ್ಟು, ಆಮೇಲೆ ಹತ್ತಿರ ಕೂರಿಸಿಕೊಂಡು ಏನಾದರೊಂದು ಹೇಳುತ್ತಿದ್ದರೋ ಏನೋ. ಈಗ ನನ್ನನ್ನು ಬಯ್ಯಬಹುದಾದಂಥವರು ಒಬ್ಬರೂ ಉಳಿದಿಲ್ಲ.